ನಡತೆಗೆ ಹತ್ತಕ್ಕೆ ಹತ್ತು

ಔಷಧಶಾಸ್ತ್ರದ ಡಿಪ್ಲೊಮಾ ವಿದ್ಯಾರ್ಥಿಯು ಅಂಗಡಿಯೊಳಗೆ ಪೂರೈಸತಕ್ಕ 500 ತಾಸುಗಳ ಪ್ರಾಯೋಗಿಕ ಶಿಕ್ಷಣದಲ್ಲಿ ಅವನ ವೃತ್ತಿಶೀಲವು ಎಂತಿತ್ತೆಂಬುದನ್ನು ಅಳೆಯುವ ಸಲುವಾಗಿ, ನಮೂನೆಗಳ ಕಟ್ಟನ್ನು ಕಂಕುಳಲ್ಲಿರಿಸಿಕೊಂಡು, ಉದಗೀರದ ಕಡೆಯಿಂದ ಉಮರ್ಗಾಕ್ಕೆ ಬಂದಿಳಿದ ಮಾಸ್ತರರಿಗೂ ಔಷಧದಂಗಡಿಯ ಸಾಹುಕಾರರಿಗೂ ನಡೆದ ಸಂವಾದವಿದು.

“ಸಮಯಪಾಲನೆ ಹೇಗೆ, ಸಾಹುಕಾರರೆ?”

“ಹತ್ತಕ್ಕೆ ಹತ್ತು ಬರಕೊಳ್ರಿ. ಒಂದು ದಿನವೂ ತಡಮಾಡಿ ಬಂದವನಲ್ಲ.”

“ದಿನಾಲು ಬರುತ್ತಿದ್ದನೆ?”

“ಬಂದರಲ್ಲವೆ ತಡವಾಗೋದು! ನಿಲಂಗಾದಿಂದ ಅವರಪ್ಪ ಹಾಜರಿ ಪುಸ್ತಕ ಕಳಿಸಿದ್ದರು, ಸಹಿ ಮಾಡಿ ಕಳಿಸಿದೆ.”

“ರೋಗಿಗಳೊಡನೆ ವರ್ತನೆ?”

“ಒಬ್ಬರ ಮೇಲೂ ದನಿಯೆತ್ತಿಲ್ಲರಿ.”

ನಮೂನೆಯನ್ನು ರಚಿಸಿದ ಪಂಡಿತರು ಸೌಜನ್ಯ, ಸಂಯಮ, ಸಹಾನುಭೂತಿಗಳಿಗೆಲ್ಲ ಪ್ರತ್ಯೇಕ ಕೋಷ್ಟಕಗಳನ್ನು ಕಲ್ಪಿಸಿದ್ದರಾದರೂ, ಅಸ್ತಿತ್ವಕ್ಕೆ ಒಂದನ್ನೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಚೀಟಿ ಹಿಡಿದು ಬಂದ ಮುದುಕಿಗೆ ಗಲ್ಲೆಯ ಬಳಿಯ ತರುಣನು ಗುಳಿಗೆಯ ಪಟ್ಟಿಯ ಮೇಲೆ ಪೆನ್ನಿನಿಂದ ಎರಡು ಗೆರೆಯೆಳೆದು, “ಆಯಿ, ಇದು ಉಂಡಮ್ಯಾಲೆ, ಮುಂಜಾನೆ ಒಂದು, ಸಂಜಿಗೊಂದು” ಎಂದು ಎರಡು ಸಲ ಹೇಳಿ, ಅವಳಿಂದಲೂ ಒಮ್ಮೆ ಹೇಳಿಸಿದನು.

“ಇವನಾರು?”

“ಏಳನೆಯ ಇಯತ್ತೆಗೆ ಸಾಲೆ ಬಿಟ್ಟವ.”

“1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮಿನ ಪ್ರಕಾರ ನೋಂದಾಯಿತ ಫಾರ್ಮಾಸಿಸ್ಟನೇ ಮದ್ದು ಕೊಡತಕ್ಕದ್ದು! ಆತನೆಲ್ಲಿ?”

ಸಾಹುಕಾರರು ಗೋಡೆಯ ಮೇಲಿನ ಗಾಜಿನ ಚೌಕಟ್ಟನ್ನು ವಿನಯದಿಂದ ತೋರಿಸಿದರು. “ಅವರು ಪುಣೆಯಲ್ಲಿರತಾರ; ಪ್ರಮಾಣಪತ್ರ ಮಾತ್ರ ಇಂದಿಗೂ ರಜೆ ಹಾಕಿಲ್ಲ.”

ಮಾಸ್ತರರು ಮುಗುಮ್ಮಾಗಿ ಪುಟ ತಿರುವಿದರು. “ಕೊನೆಯದು, ಪ್ರಾಮಾಣಿಕತೆ.”

“ಪೂರ್ತಿ ಕೊಟ್ಟರೆ ಸಂಶಯ ಬಂದೀತು. ಒಂಬತ್ತು ಹಾಕ್ರಿ.”