ಲೆಕ್ಕದಮ್ಮ

ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಬೀದಿಗೊಬ್ಬಳು ಲೆಕ್ಕದಮ್ಮ ಇದ್ದೇ ಇರುತ್ತಾಳೆ. ಒಂದು ಕಾಲಕ್ಕೆ ಯಾವುದೋ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದವಳು. ಎರಡನೇ ಮಗು ಹುಟ್ಟಿದ ಮೇಲೆ ಡೇ ಕೇರ್ ಫೀಸು, ಆಟೋ ಬಾಡಿಗೆ, ಸುಸ್ತಾದ ದಿನ ಹೋಟೆಲಿನಿಂದ ತರಿಸುವ ಊಟ ಎಲ್ಲವನ್ನೂ ಸಂಬಳದಿಂದ ಕಳೆದು ನೋಡಿದಳು. ಉಳಿದದ್ದು ಹೂವಿನ ಖರ್ಚಿಗೂ ಸಾಲದು. ಮರುದಿನವೇ ಕೆಲಸ ಬಿಟ್ಟಳು. ಲೆಕ್ಕ ಬಿಡಲಿಲ್ಲ.

ಈಗ ಆಕೆಯ ಲೆಡ್ಜರು ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ ಪೇಪರಿನ ಹುಡುಗ ಕೈಕೊಟ್ಟ ದಿನ, ಇಸ್ತ್ರಿಯವನಿಗೆ ಕೊಟ್ಟ ಬಟ್ಟೆ, ಹೊಸ ಸಿಲಿಂಡರ್ ಹಾಕಿದ ತಾರೀಕು. 14.2 ಕೆ.ಜಿ. ಗ್ಯಾಸು ಒಂದೂವರೆ ತಿಂಗಳು ಬರಲೇಬೇಕು. ಐದು ದಿನ ಮೊದಲೇ ಮುಗಿದರೆ ಮನೆಯಲ್ಲಿ ವಿಚಾರಣೆ: "ರಾತ್ರಿ ಹೊತ್ತು ನೂಡಲ್ಸ್ ಮಾಡ್ಕೊಂಡೋರು ಯಾರು?" ಒಬ್ಬರೂ ಒಪ್ಪಿಕೊಳ್ಳುವುದಿಲ್ಲ. ಯಜಮಾನರಂತೂ ಪೇಪರಿನೊಳಗೆ ಇನ್ನಷ್ಟು ತೂರಿಕೊಳ್ಳುತ್ತಾರೆ.

ಬೆಲೆಯೇರಿಕೆಯನ್ನು ಎಲ್ಲರೂ ಬೈಯುತ್ತಾರೆ, ಈಕೆ ಬಿಡಿಸಿ ನೋಡುತ್ತಾಳೆ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿ.ಲೀ. ಹಾಲು ಹೆಚ್ಚಾಯಿತು, ಜೊತೆಗೆ 2 ರೂಪಾಯಿಯೂ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿಕೆ ಎಂದು ಸುದ್ದಿ ಬಂತು. ಆದರೆ ನೀಲಿ ಬಣ್ಣದ ಲೀಟರ್ ಪ್ಯಾಕೆಟ್ಟಿನ ದರ ಏರಿದ್ದು 44ರಿಂದ 46ಕ್ಕೆ. ಮಿಕ್ಕ ಎರಡು ರೂಪಾಯಿ, ವಾಪಸಾದ ಆ 50 ಮಿ.ಲೀ. ಹಾಲಿನೊಳಗೆ ಅಡಗಿದೆ ಎಂದು ಬೀದಿಗೆಲ್ಲ ತಿಳಿಸಿಕೊಟ್ಟವಳು ಲೆಕ್ಕದಮ್ಮ. ಅಂದಿನಿಂದ ಪ್ಯಾಕೆಟ್ ಬಗ್ಗಿಸಿದ ಮೇಲೆ ಒಳಗೆ ಅರ್ಧ ಲೋಟ ನೀರು ಹಾಕಿ ಕುಲುಕಿ ಅದನ್ನೂ ಪಾತ್ರೆಗೆ ಸುರಿಯುತ್ತಾಳೆ. ತೊಳೆದ ಕವರು ತಿಂಗಳ ಕೊನೆಗೆ ರದ್ದಿ ಅಂಗಡಿಗೆ.

ಆದರೆ ಆಕೆಗೆ ಆದ ಮಹಾ ಅನ್ಯಾಯವೆಂದರೆ ಗೃಹಜ್ಯೋತಿ. 2023ರಲ್ಲಿ, 200 ಯೂನಿಟ್‌ವರೆಗೆ ಕರೆಂಟು ಪುಕ್ಕಟೆ ಎಂದು ಊರೆಲ್ಲ ಹಿಗ್ಗುತ್ತಿದ್ದಾಗ ಈಕೆ ಕನ್ನಡಕ ಏರಿಸಿಕೊಂಡು ಷರತ್ತು ಓದಿದಳು. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅಷ್ಟು, ಅದರ ಮೇಲೆ ಶೇ 10, ಅಷ್ಟಕ್ಕೆ ಮಾತ್ರ ಸೊನ್ನೆ ಬಿಲ್ಲು. ಆ ವರ್ಷವಿಡೀ ಈಕೆ ಗೇಟಿನ ದೀಪವನ್ನೂ ಹಚ್ಚದೆ, ಮಿಕ್ಸಿ ಬದಲು ಒರಳುಕಲ್ಲು ತಿರುವಿ, ಸರಾಸರಿಯನ್ನು 70ಕ್ಕೆ ಇಳಿಸಿದ್ದಳು! ಪಾಲಿಗೆ ಬಂದದ್ದು 77 ಯೂನಿಟ್. ಗೀಸರ್ ಆರಿಸುವುದನ್ನೇ ಮರೆಯುವ ಎದುರುಮನೆಯವರಿಗೆ ಅದರ ಎರಡರಷ್ಟು. "ಜಾಣತನಕ್ಕೆ ದಂಡ, ದುಂದಿಗೆ ಬಹುಮಾನ" ಎಂದು ಆಕೆ ಮೀಟರ್ ರೀಡರ್ ಎದುರು ವಾದ ಮಂಡಿಸಿದಳು. ಆತ ಪಾಪ, ಬಿಲ್ಲು ಹರಿದುಕೊಟ್ಟು ಹೊರಟ. ಮುಂದಿನ ತಿಂಗಳು ಬಂದಾಗ ಗೇಟಿನ ಹೊರಗಿಂದಲೇ ಕತ್ತು ಚಾಚಿ ಮೀಟರ್ ಓದಿದನಂತೆ.

ಶಕ್ತಿ ಯೋಜನೆ ಮಾತ್ರ ಈಕೆಗೆಂದೇ ಬಂದ ಹಾಗಿದೆ. ಮೊದಲು ಕೆ.ಆರ್. ಮಾರ್ಕೆಟ್ಟಿನಲ್ಲಿ ಉಳಿಸಿದ್ದನ್ನು ಬಸ್ ಚಾರ್ಜು ನುಂಗುತ್ತಿತ್ತು. 2023ರ ಜೂನ್ 11ರಿಂದ ಹೆಂಗಸರಿಗೆ ಶೂನ್ಯ ಟಿಕೆಟ್ಟು, ಆಧಾರ್ ತೋರಿಸಿದರೆ ಸಾಕು. ಚೀಲ ಹೊರಲು ಯಜಮಾನರನ್ನು ಕರೆದೊಯ್ಯಬಹುದಲ್ಲ ಎಂದರೆ, "ಅವರಿಗೆ ಟಿಕೆಟ್ ತಗೋಬೇಕಲ್ರೀ" ಅನ್ನುತ್ತಾಳೆ. ಸೊಪ್ಪಿನವಳ ಹತ್ತಿರ ಕೊಸರು ಕೇಳದೆ ಎದ್ದದ್ದೇ ಇಲ್ಲ. ತಂದ ಮೂಲಂಗಿ ಹುಳಿಗೆ, ಅದರ ಸೊಪ್ಪು ಪಲ್ಯಕ್ಕೆ. ಹೀರೇಕಾಯಿಯ ತಿರುಳು ಸಾರಿಗೆ, ಸಿಪ್ಪೆ ಚಟ್ನಿಗೆ. ಆ ಚಟ್ನಿ, ನಿಜ ಹೇಳಬೇಕೆಂದರೆ, ಸಾರಿಗಿಂತ ರುಚಿ.

ಉಳಿದ ದುಡ್ಡೆಲ್ಲ ಪೋಸ್ಟಾಫೀಸಿನಲ್ಲಿ, ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ. 2024ರ ಜನವರಿಯಲ್ಲಿ ಬಡ್ಡಿ ಶೇ 8ರಿಂದ 8.2ಕ್ಕೆ ಏರಿದಾಗ ಮನೆಯಲ್ಲಿ ಪಾಯಸವಾಗಿತ್ತು. ದ್ರಾಕ್ಷಿ, ಗೋಡಂಬಿ ಇಲ್ಲದ ಪಾಯಸ.

ಇಷ್ಟೆಲ್ಲ ಮಾಡುವವಳ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ಯಜಮಾನರು "ಏನಿಲ್ಲ, ಮನೇಲೇ ಇರ್ತಾಳೆ" ಅನ್ನುತ್ತಾರೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಲೆಕ್ಕದಮ್ಮ ಈ ಸುದ್ದಿಯನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಾಳೆ. ಅವಳ ತಕರಾರು 289ರ ಬಗ್ಗೆ ಅಲ್ಲ. "ಈ 88 ಎಲ್ಲಿ? ನಮ್ಮನೇಲಿ ನಾನು ನೋಡೇ ಇಲ್ವಲ್ಲ" ಅನ್ನುವುದು.

ಬೀದಿಯಲ್ಲಿ "ಹಳೇ ಬಟ್ಟೆಗೆ ಪಾತ್ರೇ" ಎಂದು ಕೂಗು ಕೇಳಿತೋ, ಆಕೆಯ ಕಣ್ಣು ಬೀರುವಿನ ಕಡೆ ಹೋಗುತ್ತದೆ. ನಾಲ್ಕು ಸೀರೆ, ಎರಡು ಅಂಗಿ ರಾಶಿ ಹಾಕಿದರೂ ಪಾತ್ರೆಯವಳು ತೋರಿಸುವುದು ಒಂದು ಚಿಕ್ಕ ತಟ್ಟೆ. ಈಕೆಯ ಕಣ್ಣು ಹಿಡಿಯಿರುವ ದೊಡ್ಡ ಬಾಣಲೆಯ ಮೇಲೆ. ಮುಕ್ಕಾಲು ಗಂಟೆ ಚೌಕಾಸಿ ನಡೆಯುತ್ತದೆ. ನಡುವೆ ಇಬ್ಬರೂ ಒಂದು ಸಲ ಕಾಫಿ ಕುಡಿಯುತ್ತಾರೆ. ಕೊನೆಗೆ ಪಾತ್ರೆಯವಳು "ಇನ್ನೊಂದು ಪ್ಯಾಂಟ್ ಹಾಕವ್ವ, ತಗೊಂಡು ಹೋಗು" ಅನ್ನುತ್ತಾಳೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟ ಯಜಮಾನರು ಟವೆಲ್ ಸುತ್ತಿಕೊಂಡು ಬೀರು ತಡಕಾಡುತ್ತಿರುತ್ತಾರೆ.

"ಲೇ, ನನ್ನ ನೀಲಿ ಪ್ಯಾಂಟ್ ಎಲ್ಲೇ?"

"ಒಲೆ ಮೇಲಿದೆ ನೋಡ್ರೀ. ಉಪ್ಪಿಟ್ಟು ಆಗ್ತಾ ಇದೆ."