ಪುಕ್ಕಟೆ ತಂತ್ರಾಂಶದಾನ ಮೀಮಾಂಸೆ: ಇಟಗಿಯ ದೇವಾಲಯ ಚಕ್ರವರ್ತಿಯ ಸಾಕ್ಷಿಯಲ್ಲಿ

1. ವಿಷಯ ಮತ್ತು ಪರಿಭಾಷೆ

ದಾನದ ಫಲಾಫಲಗಳನ್ನು ಕುರಿತು ಧರ್ಮಶಾಸ್ತ್ರಕಾರರು ಹೇಳದೆ ಉಳಿಸಿದ್ದು ಬಹಳ ಕಡಿಮೆ. ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿಯು 13ನೆಯ ಶತಮಾನದಲ್ಲಿ ರಚಿಸಿದ ‘ಚತುರ್ವರ್ಗ ಚಿಂತಾಮಣಿ’ಯಲ್ಲಿ ದಾನಕ್ಕೆಂದೇ ಒಂದು ಖಂಡವನ್ನು ಮೀಸಲಿಟ್ಟು, ಹಸುವಿನಿಂದ ಹಿಡಿದು ಎಳ್ಳಿನ ರಾಶಿಯವರೆಗೆ ಕೊಡತಕ್ಕ ವಸ್ತುಗಳನ್ನು ವಿಂಗಡಿಸಿ, ಕೊಟ್ಟವನಿಗೆ ದೊರೆಯುವ ಪುಣ್ಯವನ್ನೂ ಲೆಕ್ಕ ಹಾಕಿಟ್ಟಿದ್ದಾನೆ. ಆದರೆ ಯಾರೂ ಬೇಡದಿರುವಾಗ ಒಬ್ಬನು ತಾನಾಗಿ ಎದ್ದು ನಿಂತು, ಜಾಲದಲ್ಲಿ ಬರೆಯುವವರ ಗುಂಪೊಂದಕ್ಕೆ ಅವರೆಲ್ಲರ ಬರಹದ ಜಾಡು ಹಿಡಿಯುವ ತಂತ್ರಾಂಶವನ್ನು ಪುಕ್ಕಟೆಯಾಗಿ ಕಟ್ಟಿಕೊಡುವುದಾಗಿ ಘೋಷಿಸಿದರೆ, ಅದು ಯಾವ ವರ್ಗದ ದಾನ, ಅದರ ಪುಣ್ಯ ಯಾರಿಗೆ, ನಡುವೆ ಕೆಟ್ಟು ನಿಂತರೆ ಅದರ ಪಾಪ ಯಾರಿಗೆ ಎಂಬ ಪ್ರಶ್ನೆಗಳನ್ನು ಹೇಮಾದ್ರಿ ಮುಟ್ಟಿಲ್ಲ. ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಇಲ್ಲಿ ‘ಜಾಡುಹಿಡಿ ತಂತ್ರಾಂಶ’ ಎಂದರೆ ಗುಂಪಿನ ಯಾವ ಸದಸ್ಯನು ಯಾವ ದಿನ ಏನು ಬರೆದನು, ಅದನ್ನು ಎಷ್ಟು ಜನ ತೆರೆದರು, ತೆರೆದವರು ಎಷ್ಟು ಹೊತ್ತು ನಿಂತರು, ಯಾವ ಊರಿನಿಂದ ಬಂದಿದ್ದರು ಎಂಬುದನ್ನು ತಾನೇ ಗುರುತಿಸಿ ಪಟ್ಟಿ ಮಾಡುವ ಯಂತ್ರಲಿಪಿ ಎಂದು ತಿಳಿಯತಕ್ಕದ್ದು. ‘ದಾನಿ’ ಎಂದರೆ ಅದನ್ನು ಕಟ್ಟಿಕೊಡುವವನು, ಅಥವಾ ಕಟ್ಟಿಕೊಡುವೆನೆಂದು ಹೇಳುವವನು. ಇವೆರಡರ ನಡುವಿನ ಅಂತರವು ಮುಂದೆ ಪ್ರತ್ಯೇಕವಾಗಿ ಚರ್ಚಿತವಾಗಿದೆ. ‘ಪುಕ್ಕಟೆ’ ಎಂದರೆ ಹಣವನ್ನು ಬಿಟ್ಟು ಉಳಿದೆಲ್ಲ ರೂಪದಲ್ಲಿ ಬೆಲೆ ತೆರಬೇಕಾದದ್ದು.

2. ಆಕರ ವಿಚಾರ

ಈ ಮೀಮಾಂಸೆಗೆ ಕೊಪ್ಪಳ ಜಿಲ್ಲೆಯ ಇಟಗಿಯನ್ನು, ಎಂದರೆ ಹಿಂದೆ ಯಲಬುರ್ಗಾ ತಾಲ್ಲೂಕಿಗೂ ಈಗ ಕುಕನೂರು ತಾಲ್ಲೂಕಿಗೂ ಸೇರಿದ ಊರನ್ನು, ಆಧಾರವಾಗಿ ಆರಿಸಿಕೊಳ್ಳಲು ಬಲವಾದ ಕಾರಣವಿದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ದಂಡನಾಯಕನಾಗಿದ್ದ ಮಹಾದೇವನು ಇಲ್ಲಿ ಬಳಪದ ಕಲ್ಲಿನಲ್ಲಿ ಒಂದು ಶಿವಾಲಯವನ್ನು ಕಟ್ಟಿಸಿದನು. 1112ರ ಶಾಸನವು ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ದೇವರ ಹೆಸರೂ ದಾನಿಯ ಹೆಸರೂ ಒಂದೇ ಆಗಿರುವುದರಿಂದ, ಗುಡಿಗೆ ಹೆಸರಿಡುವಾಗ ಭಕ್ತಿ ಎಲ್ಲಿ ಮುಗಿದು ಕೀರ್ತಿ ಎಲ್ಲಿ ಆರಂಭವಾಯಿತೆಂಬುದನ್ನು ಯಾವ ವಿದ್ವಾಂಸನೂ ಬೇರ್ಪಡಿಸಲಾರನು. ಆವರಣದಲ್ಲಿ ತಂದೆತಾಯಿಯರ ಹೆಸರಿನ ಗುಡಿಗಳೂ ಇರುವುದನ್ನು ಗಮನಿಸಿದರೆ, ತಾನು ರಚಿಸಿದ ತಂತ್ರಾಂಶದ ಒಂದೊಂದು ಭಾಗಕ್ಕೂ ಮನೆಯವರ ಹೆಸರಿಡುವ ಇಂದಿನ ದಾನಿಗೆ ಪೂರ್ವಾಚಾರದ ಬೆಂಬಲವಿರುವುದು ಸ್ಪಷ್ಟವಾಗುತ್ತದೆ.

ಇದೇ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದ 1076ರಲ್ಲಿ ಶಕವರ್ಷವನ್ನು ಬದಿಗಿಟ್ಟು ಚಾಳುಕ್ಯ ವಿಕ್ರಮವರ್ಷವೆಂಬ ತನ್ನದೇ ಕಾಲಗಣನೆಯನ್ನು ಜಾರಿಗೆ ತಂದನು. ಎಲ್ಲರೂ ಬಳಸುತ್ತಿರುವ ಪದ್ಧತಿಯನ್ನು ತಳ್ಳಿಹಾಕಿ ಸೊನ್ನೆಯಿಂದ ಹೊಸದನ್ನು ಕಟ್ಟಬೇಕೆಂಬ ತವಕವು ಕೇವಲ ತಂತ್ರಜ್ಞರ ರೋಗವೆಂದು ಭಾವಿಸುವವರು ಇದನ್ನು ನೆನೆಯುವುದು ಒಳ್ಳೆಯದು. ಆ ಚಕ್ರವರ್ತಿಯ ನಂತರ ಅವನ ಗಣನೆ ಮಸುಕಾಯಿತು, ಶಕವರ್ಷವು ಪಂಚಾಂಗದಲ್ಲಿ ಇಂದಿಗೂ ನಡೆದಿದೆ.

ಎರಡನೆಯ ಆಕರವೂ ಅದೇ ಆಸ್ಥಾನದ್ದು. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಆ ಸ್ಮೃತಿಯ ಪ್ರಕಾರ ಭೂಮಿಯನ್ನು ದಾನ ಮಾಡಿದ ಅರಸನು ಬಟ್ಟೆಯ ಮೇಲೋ ತಾಮ್ರಪಟದ ಮೇಲೋ ಬರಹ ಮಾಡಿಸಿ, ತನ್ನ ವಂಶವನ್ನೂ ತನ್ನ ಹೆಸರನ್ನೂ ದಾನದ ಅಳತೆಯನ್ನೂ ಎಲ್ಲೆಕಟ್ಟನ್ನೂ ಕಾಲವನ್ನೂ ನಮೂದಿಸಿ, ಮುದ್ರೆಯೊತ್ತಿ, ಸ್ವಂತ ಹಸ್ತಾಕ್ಷರ ಹಾಕಬೇಕು. ಇಷ್ಟೆಲ್ಲ ಮಾಡುವುದು ಮುಂದೆ ಬರಲಿರುವ ಸಜ್ಜನ ಅರಸರಿಗೆ ತಿಳಿದಿರಲೆಂದು. ಈ ಕೊನೆಯ ಕಾರಣವು ಪ್ರಸ್ತುತ ಪ್ರಬಂಧದ ಕೀಲಕವಾಗಿದೆ.

3. ದಾನಿಗಳ ವರ್ಗೀಕರಣ

ಶಾಸ್ತ್ರಸಂಪ್ರದಾಯದಂತೆ ದಾನಿಗಳು ಉತ್ತಮ, ಮಧ್ಯಮ, ಅಧಮ ಎಂದು ಮೂರು ವಿಧ.

ಉತ್ತಮ ದಾನಿಗಳಿಗೆ ಕನ್ನಡದ ಗಣಕಚರಿತ್ರೆಯಲ್ಲಿ ಕೊರತೆಯಿಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಉಚ್ಚಾರಣೆಗೆ ತಕ್ಕಂಥ ಕನ್ನಡ ಕೀಲಿಮಣೆ ವಿನ್ಯಾಸವನ್ನು ರೂಪಿಸಿ ನಾಡಿಗೆ ಬಿಟ್ಟುಕೊಟ್ಟರು, 1996ರಲ್ಲಿ ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವೆಂಬ ಜಾಲಪತ್ರಿಕೆಯನ್ನು ತೆರೆದರು, 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು ಕನ್ನಡಿಗರ ಕೈಗಿಟ್ಟರು, 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ‘ಸಂಪದ’ವನ್ನು ಆರಂಭಿಸಿ ಜಾಲದಲ್ಲಿ ಬರೆಯುವವರಿಗೊಂದು ಅಂಗಳ ಮಾಡಿಕೊಟ್ಟರು. ಇವರೆಲ್ಲರ ದಾನಕ್ಕೆ ಒಂದು ಸಮಾನ ಲಕ್ಷಣವಿದೆ: ಕೊಟ್ಟದ್ದು ಬರೆಯಲು ಬೇಕಾದ ಸಾಧನ ಮತ್ತು ಸ್ಥಳ. ಬರೆದವರಿಗೆ ಅಂಕ ಹಾಕುವ ಕೆಲಸವನ್ನು ಅವರು ವಿಮರ್ಶಕರಿಗೆ ಬಿಟ್ಟರು, ವಿಮರ್ಶಕರು ಎಂದಿನಂತೆ ಅದನ್ನು ಮುಂದಕ್ಕೆ ಹಾಕಿದರು.

ಮಧ್ಯಮ ದಾನಿಯು ಕೊಪ್ಪಳ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನೌಕರಿ ಮಾಡುತ್ತ, ದೀಪಾವಳಿಯ ರಜೆಗೆ ಊರಿಗೆ ಬಂದಾಗ ಮಾತೃಭಾಷೆಯ ಋಣವು ಥಟ್ಟನೆ ನೆನಪಾಗಿ, ಮಿರ್ಚಿ ಮಂಡಕ್ಕಿಯ ಸಭೆಯಲ್ಲಿ ಸಂಕಲ್ಪ ತೊಟ್ಟು, ರಜೆ ಮುಗಿಯುವುದರೊಳಗೆ ತಂತ್ರಾಂಶವನ್ನು ಕಟ್ಟಿಯೇ ಬಿಡುವವನು. ಅವನ ಶ್ರದ್ಧೆಯಲ್ಲಿ ಸಂಶಯವಿಲ್ಲ. ಆದರೆ ರಜೆ ಮುಗಿದೊಡನೆ ಋಣವೂ ತೀರಿದಂತಾಗುವುದರಿಂದ, ಮುಂದೆ ಅದು ಕೆಟ್ಟಾಗ ಅವನು ಬೇರೆ ಕಂಪನಿಯಲ್ಲಿರುತ್ತಾನೆ, ಬೇರೆ ದೇಶದಲ್ಲಿರುತ್ತಾನೆ, ಇಲ್ಲವೆ ಮದುವೆಯಾಗಿರುತ್ತಾನೆ. ಗುಪ್ತಪದವು ಅವನ ತಲೆಯಲ್ಲಿ ಮಾತ್ರ ಇರುತ್ತದೆ, ಕೆಲವೊಮ್ಮೆ ಅಲ್ಲಿಯೂ ಇರುವುದಿಲ್ಲ.

ಅಧಮ ದಾನಿಯು ಘೋಷಣೆಯನ್ನು ಮಾತ್ರ ಮಾಡುವವನು. ಅವನು ಗುಂಪಿನ ಸದಸ್ಯರಿಗೆ ಏನೇನು ಬೇಕೆಂದು ಪಟ್ಟಿ ಕೇಳುತ್ತಾನೆ, ಪಟ್ಟಿ ಬಂದ ಮೇಲೆ ಅದನ್ನು ಹೊಗಳುತ್ತಾನೆ, ಹೆಸರು ಹೇಗಿರಬೇಕೆಂದು ಚರ್ಚೆಗೆ ಬಿಡುತ್ತಾನೆ, ಹೆಸರಿನ ಜಗಳ ಮುಗಿಯುವಷ್ಟರಲ್ಲಿ ಕಾಣೆಯಾಗುತ್ತಾನೆ. ಶಾಸ್ತ್ರಕಾರರು ಇಂಥವನಿಗೆ ನರಕವನ್ನು ವಿಧಿಸಬಹುದಾದರೂ, ನಿಷ್ಪಕ್ಷಪಾತವಾಗಿ ಪರಿಶೀಲಿಸಿದರೆ ಮೂವರಲ್ಲಿ ಅತ್ಯಂತ ನಿರಪಾಯಕಾರಿ ಇವನೇ ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ಕಾರಣವು ಮುಂದಿನ ಪ್ರಕರಣದಲ್ಲಿದೆ.

4. ಜಾಡಿನ ಪ್ರಮೇಯಗಳು

ತಂತ್ರಾಂಶವು ನಿಜವಾಗಿಯೂ ಕೆಲಸ ಮಾಡಲಾರಂಭಿಸಿದರೆ ಮೂರು ಪ್ರಮೇಯಗಳು ತಾವಾಗಿಯೇ ಸಿದ್ಧವಾಗುತ್ತವೆ.

ಮೊದಲನೆಯದು ಸ್ವಾವಲೋಕನ ಪ್ರಮೇಯ. ಯಾವುದೇ ಬರಹವನ್ನು ಅತಿ ಹೆಚ್ಚು ಸಲ ತೆರೆದವನು ಅದರ ಕರ್ತೃವೇ ಆಗಿರುತ್ತಾನೆ. ಅವನು ತೆರೆದದ್ದು ಓದುವುದಕ್ಕಲ್ಲ, ಎಷ್ಟು ಜನ ಓದಿದರೆಂದು ನೋಡುವುದಕ್ಕೆ. ಹಾಗೆ ನೋಡಿದ್ದೂ ಓದಿನ ಲೆಕ್ಕಕ್ಕೆ ಸೇರುವುದರಿಂದ ಅವನ ಕುತೂಹಲವೇ ಅವನ ಜನಪ್ರಿಯತೆಯಾಗಿ ಪರಿಣಮಿಸುತ್ತದೆ.

ಎರಡನೆಯದು ಪ್ರಶಂಸಾಪೂರ್ವಕ ಪ್ರಮೇಯ. ಮೊದಲು ಓದು, ಅನಂತರ ಮೆಚ್ಚುಗೆ ಎಂಬ ಲೋಕರೂಢಿಯ ಕ್ರಮವನ್ನು ತಂತ್ರಾಂಶದ ಗಡಿಯಾರವು ಸಮರ್ಥಿಸುವುದಿಲ್ಲ. ‘ಅದ್ಭುತ ಸರ್, ಕಣ್ಣು ತೇವವಾಯಿತು’ ಎಂಬ ವಾಕ್ಯವು ಬಂದ ಎಷ್ಟೋ ಹೊತ್ತಿನ ಮೇಲೆ, ಅದನ್ನು ಬರೆದ ಮಿತ್ರನು ಲೇಖನವನ್ನು ತೆರೆದದ್ದು, ಅಥವಾ ಎಂದೂ ತೆರೆಯದೆ ಇದ್ದದ್ದು, ಸೆಕೆಂಡಿನ ನಿಖರತೆಯಲ್ಲಿ ದಾಖಲಾಗುತ್ತದೆ. ಇದುವರೆಗೆ ಸ್ನೇಹದ ಬಲದಿಂದ ನಿಂತಿದ್ದ ಸಾಹಿತ್ಯಕ ವಾತಾವರಣವು ಈ ಒಂದು ಪಟ್ಟಿಯಿಂದ ಅಸ್ಥಿರವಾಗುತ್ತದೆ.

ಮೂರನೆಯದು ಅಗೋಚರ ಪ್ರಮೇಯ. ಲೇಖನವನ್ನು ಮುದ್ರಿಸಿ ತರಗತಿಯಲ್ಲಿ ಓದಿ ಹೇಳಿದ ಕುಷ್ಟಗಿಯ ಮಾಸ್ತರರು, ಒಬ್ಬನು ಮೊಬೈಲಿನಲ್ಲಿ ಗಟ್ಟಿಯಾಗಿ ಓದುತ್ತಿರಲು ಸುತ್ತ ಕುಳಿತು ಕೇಳಿದ ಗುಡಿಕಟ್ಟೆಯ ಹಿರಿಯರು, ಮಗ ಕಳಿಸಿದ ಚಿತ್ರರೂಪದ ಪುಟವನ್ನು ಹಿಗ್ಗಿಸಿ ಹಿಗ್ಗಿಸಿ ಓದಿದ ತಾಯಿ, ಇವರಾರೂ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ನಿಜವಾಗಿ ಓದಿದವರು ಲೆಕ್ಕದ ಹೊರಗುಳಿದು, ಓದದೆ ತೆರೆದವರು ಲೆಕ್ಕದೊಳಗೆ ಬರುವುದರಿಂದ, ಪಟ್ಟಿಯು ಎಷ್ಟು ನಿಖರವೋ ಅಷ್ಟು ತಪ್ಪಾಗಿರುತ್ತದೆ.

ಈ ಮೂರರ ಸಂಯುಕ್ತ ಫಲವಾಗಿ, ಪಟ್ಟಿಯ ತುದಿಯಲ್ಲಿರುವವರು ಯಂತ್ರವು ವಿಜ್ಞಾನವೆಂದೂ ತಳದಲ್ಲಿರುವವರು ಅದು ವಂಚನೆಯೆಂದೂ ವಾದಿಸುತ್ತ, ಯಲಬುರ್ಗಾದವರು ಗಂಗಾವತಿಯವರನ್ನು, ಗಂಗಾವತಿಯವರು ಕೊಪ್ಪಳದವರನ್ನು ಶಂಕಿಸುತ್ತ, ಒಂದಾಗಿದ್ದ ಗುಂಪು ತಾಲ್ಲೂಕುವಾರು ಒಡೆಯುತ್ತದೆ. ಅಧಮ ದಾನಿಯ ಗುಂಪು ಮಾತ್ರ, ಎಂದೂ ಬಾರದ ತಂತ್ರಾಂಶಕ್ಕಾಗಿ ಕಾಯುತ್ತ, ಸೌಹಾರ್ದದಿಂದಿರುತ್ತದೆ.

5. ಪೂರ್ವಪಕ್ಷ ಮತ್ತು ಸಮಾಧಾನ

ಮೊದಲ ಆಕ್ಷೇಪವು ಗಾದೆಯ ರೂಪದ್ದು: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಹಣವಿಲ್ಲದೆ ಬಂದದ್ದನ್ನು ಹೀಗೆ ಪರೀಕ್ಷಿಸುವುದು ಕೃತಘ್ನತೆಯಲ್ಲವೆ? ಉತ್ತರವಿಷ್ಟೆ. ಇಲ್ಲಿ ಮೊಳ ಹಾಕುತ್ತಿರುವವನು ದಾನಿಯೇ ಆಗಿದ್ದಾನೆ. ಅದೂ ದಟ್ಟಿಗಲ್ಲ, ಅದನ್ನು ಉಟ್ಟವನಿಗೆ.

ಎರಡನೆಯ ಆಕ್ಷೇಪ: ಬರೆದದ್ದೇ ನಾಲ್ಕು ಜನ ನೋಡಲೆಂದು, ಅಂದ ಮೇಲೆ ಯಾರು ನೋಡಿದರೆಂದು ಎಣಿಸಿದರೆ ಕೆಡುಕೇನು? ಬರೆದವನು ಬಹಿರಂಗಕ್ಕೆ ಬಂದಿರಬಹುದು, ಓದಿದವನು ಬಂದಿಲ್ಲವೆಂಬುದು ಇದಕ್ಕೆ ಸಮಾಧಾನ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯನ್ನು ಮಾಡಿ, ಒಬ್ಬರ ವಿವರ ಪಡೆಯುವ ಮುನ್ನ ತಿಳಿಸಿ ಒಪ್ಪಿಗೆ ಪಡೆಯುವುದನ್ನು ಸಾಮಾನ್ಯ ನಿಯಮವಾಗಿಸಿತು. ಗುಡಿಕಟ್ಟೆಯ ಹಿರಿಯರಿಂದ ಇಂಥ ಒಪ್ಪಿಗೆಯನ್ನು ಪಡೆಯಲು ಹೊರಟ ದಾನಿಗೆ ಅವರು ಮೊದಲು ಕೇಳುವ ಪ್ರಶ್ನೆ ಅವನು ಯಾರ ಮಗನೆಂಬುದು. ಜಾಡು ಹಿಡಿಯುವ ವಿದ್ಯೆಯಲ್ಲಿ ಅವರು ಯಂತ್ರಕ್ಕಿಂತ ಹಿಂದೆ ಬಿದ್ದವರಲ್ಲ.

ಮೂರನೆಯ ಆಕ್ಷೇಪ: ಒಬ್ಬ ಹುಡುಗನ ದಾನವನ್ನು ಏಕೆ ನಂಬಬೇಕು, ಮಹಾಸಂಸ್ಥೆಗಳೇ ಪುಕ್ಕಟೆಯಾಗಿ ಕೊಡುವಾಗ ಅವನ್ನೇ ಆಶ್ರಯಿಸಬಾರದೆ? ಜಗತ್ತಿನ ಬ್ಲಾಗುಗಳ ಜಾಡು ಹಿಡಿಯಲೆಂದೇ 2002ರಲ್ಲಿ ಹುಟ್ಟಿದ ಟೆಕ್ನೊರಾಟಿಯು 2014ರಲ್ಲಿ ಆ ಕಾಯಕವನ್ನೇ ಬಿಟ್ಟಿತು. ಹೊಸ ಬರಹಗಳನ್ನು ಒಂದೆಡೆ ತಂದು ತೋರಿಸುತ್ತಿದ್ದ ಗೂಗಲ್ ರೀಡರ್ 2005ರಲ್ಲಿ ಆರಂಭವಾಗಿ, ಕಟ್ಟಾ ಬಳಕೆದಾರರ ಗೋಳನ್ನು ಲೆಕ್ಕಿಸದೆ 2013ರ ಜುಲೈ 1ರಂದು ಬಾಗಿಲು ಹಾಕಿತು. ಕುಬೇರನ ದಾನವು ಎಂಟು ವರ್ಷವೂ ತುಂಬದೆ ನಿಂತಿತೆಂದ ಮೇಲೆ, ದಾನದ ಆಯುಸ್ಸು ದಾನಿಯ ಸಿರಿತನವನ್ನು ಅವಲಂಬಿಸಿಲ್ಲವೆಂದಾಯಿತು. ಹಾಗಾದರೆ ಯಾವುದನ್ನು ಅವಲಂಬಿಸಿದೆ?

6. ಸಿದ್ಧಾಂತ

ಚಾಳುಕ್ಯರ ಕಾಲದ ದತ್ತಿಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮ ಪರಿಚಿತ. ಆಳುವ ಅರಸ, ಅವನ ಅಧೀನದ ದಾನಿ, ತಿಥಿವಾರಗಳು, ಪಡೆಯುವ ಆಚಾರ್ಯ, ಅವನ ಕಾಲು ತೊಳೆದು ಧಾರೆಯೆರೆದ ಭೂಮಿ, ಅದರ ಅಳತೆ ಮತ್ತರುಗಳಲ್ಲಿ, ಅದರ ನಾಲ್ಕು ಎಲ್ಲೆ, ಮತ್ತು ಅದರ ಉತ್ಪನ್ನವು ಯಾವುದಕ್ಕೆ ಸಲ್ಲಬೇಕೆಂಬ ವಿವರ. ಈ ವಿವರದಲ್ಲಿ ದೇವರ ಪೂಜೆ ನೈವೇದ್ಯಗಳ ಜೊತೆಗೆ ಮತ್ತೆಮತ್ತೆ ಕಾಣುವ ಒಂದು ಬಾಬು ‘ಖಂಡಸ್ಫುಟಿತ ಜೀರ್ಣೋದ್ಧಾರ’, ಎಂದರೆ ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸುವ ವೆಚ್ಚ. ಗುಡಿಯನ್ನು ಕಟ್ಟುತ್ತಿರುವಾಗಲೇ ಅದು ಒಡೆಯುವುದೆಂದು ಒಪ್ಪಿಕೊಂಡು, ಒಡೆದಾಗ ದುಡ್ಡು ಎಲ್ಲಿಂದ ಬರಬೇಕೆಂಬುದನ್ನು ಕಲ್ಲಿನಲ್ಲಿ ಬರೆಸಿದವರು ಆ ದಾನಿಗಳು. ಇಂದಿನ ದಾನಿಯು ತನ್ನ ಕೃತಿಯು ಕೆಡಲಾರದೆಂಬ ನಂಬಿಕೆಯಿಂದ ಎಲ್ಲವನ್ನೂ ಕೊಡುತ್ತಾನೆ, ಈ ಬಾಬೊಂದನ್ನು ಬಿಟ್ಟು.

ಇನ್ನೂ ಆಳವಾದ ವ್ಯತ್ಯಾಸವೊಂದಿದೆ. ಶಾಸನವೂ ಜಾಡು ಹಿಡಿಯುವ ಸಾಧನವೇ, ಆದರೆ ಅದು ಹಿಡಿಯುವುದು ಕೊಟ್ಟವನ ಜಾಡನ್ನು. ಇಂಥವನು, ಇಂಥ ದಿನ, ಇಷ್ಟನ್ನು ಕೊಟ್ಟಿದ್ದಾನೆ. ಅವನಾಗಲಿ ಅವನ ಮಕ್ಕಳಾಗಲಿ ಮುಂದಿನ ಅರಸರಾಗಲಿ ಇದನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಅದು ಸೂರ್ಯಚಂದ್ರರಿರುವವರೆಗೆ ಸಾರುತ್ತದೆ. ಗುಡಿಗೆ ಎಷ್ಟು ಭಕ್ತರು ಬಂದರು, ಎಷ್ಟು ಹೊತ್ತು ನಿಂತರು, ಪ್ರಸಾದಕ್ಕಾಗಿ ಬಂದರೋ ಭಕ್ತಿಗಾಗಿ ಬಂದರೋ ಎಂಬುದನ್ನು ಮಹಾದೇವ ದಂಡನಾಯಕನು ಎಣಿಸಿಡುವ ಏರ್ಪಾಡು ಮಾಡಲಿಲ್ಲ. ತಂತ್ರಾಂಶವು ಇದನ್ನು ತಿರುವುಮುರುವು ಮಾಡಿ, ಪಡೆದವರ ಪ್ರತಿ ಹೆಜ್ಜೆಯನ್ನು ಬರೆದಿಟ್ಟುಕೊಂಡು, ಕೊಟ್ಟವನ ಮಾತಿಗೆ ಮಾತ್ರ ಎಲ್ಲಿಯೂ ದಾಖಲೆ ಇಡುವುದಿಲ್ಲ. ಆದುದರಿಂದ ಸಿದ್ಧಾಂತವು ಹೀಗೆ ಸ್ಥಿರಪಡುತ್ತದೆ: ದಾನದಲ್ಲಿ ಜಾಡು ಹಿಡಿಯತಕ್ಕದ್ದು ದಾನಿಯದೇ.

7. ಪ್ರಯೋಗವಿಧಿ

ಮೇಲಿನ ಸಿದ್ಧಾಂತಕ್ಕೆ ಅನುಗುಣವಾಗಿ, ತಂತ್ರಾಂಶದಾನವನ್ನು ಸ್ವೀಕರಿಸುವ ಯಾವುದೇ ಬರಹಗಾರರ ಗುಂಪು ಮೊದಲು ದಾನಿಯಿಂದ ಒಂದು ದತ್ತಿಪತ್ರವನ್ನು ಬರೆಸಿಕೊಳ್ಳತಕ್ಕದ್ದು. ಅದರಲ್ಲಿ ದಾನಿಯ ಹೆಸರು, ತಂದೆಯ ಹೆಸರು, ಈಗಿನ ಕಂಪನಿ ಮತ್ತು ಮುಂದೆ ಸೇರಬಹುದಾದ ಕಂಪನಿಗಳು, ತಂತ್ರಾಂಶದ ನಾಲ್ಕು ಎಲ್ಲೆ, ಎಂದರೆ ಅದು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ, ನೋಡಿದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ, ಯಾರಿಗೆ ತೋರಿಸುತ್ತದೆ ಎಂಬುದು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕಾಗಿ ಸರ್ವರಿನ ವಾರ್ಷಿಕ ಬಾಡಿಗೆಯ ಮೂಲ, ಗುಪ್ತಪದವು ಗುಂಪಿನ ಇಬ್ಬರು ಹಿರಿಯರ ಬಳಿಯೂ ಇರಬೇಕೆಂಬ ಕಟ್ಟಳೆ, ಆಕರಲಿಪಿಯನ್ನು ಬೇರೊಬ್ಬನು ಓದಿ ತಿದ್ದಬಹುದಾದಂತೆ ಬಿಟ್ಟುಕೊಡುವ ಮಾತು, ಇವಿಷ್ಟೂ ಇರತಕ್ಕದ್ದು. ಇಷ್ಟಕ್ಕೆ ಸಹಿ ಹಾಕಲು ಒಪ್ಪಿದ ದಾನಿಯು ಉತ್ತಮ ವರ್ಗಕ್ಕೆ ಬಡ್ತಿ ಹೊಂದುತ್ತಾನೆ. ಒಪ್ಪದೆ ಹೋದವನಿಗೆ ಒಂದು ಮಿರ್ಚಿ ಹೆಚ್ಚಿಗೆ ತಿನ್ನಿಸಿ ಬೆಂಗಳೂರಿನ ಬಸ್ಸು ಹತ್ತಿಸತಕ್ಕದ್ದು.

ದತ್ತಿಪತ್ರದ ಕೊನೆಗೆ ಶಾಪಾಶಯವಿಲ್ಲದಿದ್ದರೆ ಅದು ಅಪೂರ್ಣ. ಕೊಟ್ಟದ್ದನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುವನೆಂಬ ಹಿಂದಿನ ಶಾಸನಗಳ ಎಚ್ಚರಿಕೆಯು ಈಗಿನವರನ್ನು ಅಂಜಿಸುವುದು ಕಷ್ಟವಾದುದರಿಂದ, ಕಾಲಕ್ಕೆ ತಕ್ಕ ತಿದ್ದುಪಡಿಯನ್ನು ಇಲ್ಲಿ ಸೂಚಿಸಲಾಗಿದೆ. ಈ ಧರ್ಮವನ್ನು ಪಾಲಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ದಾನ ಮಾಡಿದ ಫಲ ದೊರೆಯಲಿ; ಗುಪ್ತಪದವನ್ನು ಹೇಳದೆ ನೌಕರಿ ಬದಲಿಸಿದವನು, ಓದಿದವರ ವಿವರವನ್ನು ಜಾಹೀರಾತಿನವರಿಗೆ ಮಾರಿದವನು, ಸ್ನೇಹಿತನು ಲೇಖನ ತೆರೆಯದೆ ಹೊಗಳಿದ್ದನ್ನು ಹತ್ತು ಜನರ ಮುಂದೆ ಬಯಲು ಮಾಡಿದವನು, ಈ ಮೂವರೂ ಏಳೇಳು ಜನ್ಮದಲ್ಲಿ ಕನ್ನಡದ ಬರಹಗಾರರಾಗಿಯೇ ಹುಟ್ಟಿ, ತಾವು ಬರೆದದ್ದನ್ನು ತಾವೇ ತೆರೆದು ಎಣಿಸುತ್ತಿರಲಿ.