ಜಂಟಿ ಖಾತೆಯ ಬ್ಯಾಟರಿ

ವೈರಿಲ್ಲದ ಡ್ರಿಲ್ಲಿಂಗ್ ಮಷೀನನ್ನು ಒಂದು ಸಲ ಕೈಯಲ್ಲಿ ಹಿಡಿದು ಗುಂಡಿ ಒತ್ತಿದ ಗಂಡಸಿಗೆ ಆಮೇಲೆ ಮನೆಯ ಗೋಡೆಗಳೆಲ್ಲ ಬೋಳುಬೋಳಾಗಿ ಕಾಣತೊಡಗುತ್ತವೆ. ಕಂಡಕಂಡಲ್ಲಿ ತೂತು ಕೊರೆದು ಚಟ ತೀರಿದ ಮೇಲೆ ಮಷೀನು ಅಟ್ಟ ಸೇರುತ್ತದೆ. ಅದರ ಬ್ಯಾಟರಿ ಮಾತ್ರ ಹೊಟ್ಟೆ ತುಂಬಿಸಿಕೊಂಡು, ಕೆಲಸವಿಲ್ಲದೆ, ಮೂಲೆಯಲ್ಲಿ ಕೂತಿರುತ್ತದೆ. ಮನೆಯಲ್ಲಿ ಇಷ್ಟು ಉಂಡು ಇಷ್ಟು ಕಮ್ಮಿ ದುಡಿಯುವ ಇನ್ನೊಂದು ಜೀವವಿದ್ದರೆ ಅದು ನಾನೇ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಹೀಗಾಗಿ ನಮ್ಮಿಬ್ಬರನ್ನೂ ಒಂದೇ ಸೈಕಲ್ಲಿಗೆ ಕಟ್ಟುವ ಯೋಜನೆ ಬಂದಾಗ ಅವಳು ತಕರಾರು ಎತ್ತಲಿಲ್ಲ.

ಯೋಜನೆ ಅವಳ ತಮ್ಮನದು. ಅವನದು ಇಂಟೀರಿಯರ್ ಕೆಲಸ. ವಾರ್ಡ್‌ರೋಬು, ಮಾಡ್ಯುಲರ್ ಕಿಚನ್ನು, ಫಾಲ್ಸ್ ಸೀಲಿಂಗು. ಅವನ ಹತ್ತಿರ ಅಂಗಿಗಳಿಗಿಂತ ಬ್ಯಾಟರಿಗಳೇ ಹೆಚ್ಚು. ನಾನು ಬೆಂಗಳೂರಿನ ಹನುಮಂತನಗರದವನು, ಎಲ್ಲಿ ನೋಡಿದರೂ ಏರು ಇಳಿಜಾರು. ಇಲ್ಲಿ ಸೈಕಲ್ ಇಟ್ಟುಕೊಂಡವನು ಅರ್ಧ ದಾರಿ ಅದರ ಮೇಲೆ ಕೂತರೆ ಇನ್ನರ್ಧ ದಾರಿ ಅದನ್ನು ತಳ್ಳುತ್ತಾನೆ. ಹಿಂದಿನ ಚಕ್ರಕ್ಕೆ 36 ವೋಲ್ಟಿನ, 250 ವ್ಯಾಟಿನ ಹಬ್ ಮೋಟರ್ ಹಾಕಿಸಿದೆ. ಅದಕ್ಕೆಂದೇ ಮಾಡಿದ ಬ್ಯಾಟರಿಯ ಬೆಲೆ ಕೇಳಿದ ಮೇಲೆ, ಸೈಕಲ್ ತಳ್ಳುವುದು ಹೃದಯಕ್ಕೆ ಒಳ್ಳೆಯದು ಎಂದು ಎಲ್ಲೋ ಓದಿದ್ದು ನೆನಪಾಯಿತು.

"ಅದನ್ಯಾಕೆ ಕೊಂಡ್ಕೋತೀರಾ ಭಾವ? ಹದಿನೆಂಟೂ ಹದಿನೆಂಟೂ ಎಷ್ಟು?" ಅಂದ.

ಅಷ್ಟು ಮಗ್ಗಿ ನನಗೂ ಬರುತ್ತದೆ. ಡ್ರಿಲ್ಲಿನ ಬ್ಯಾಟರಿ 18 ವೋಲ್ಟಿನದು. ಎರಡನ್ನು ಸೀರೀಸ್‌ನಲ್ಲಿ ಜೋಡಿಸಿದರೆ ಮೋಟರ್ ಕೇಳುವ 36 ಆಯಿತು. ನನ್ನ ನಂಬಿಕೆ ಸಾಲದು ಅನ್ನಿಸಿತೋ ಏನೋ, ಸತ್ತ ಬ್ಯಾಟರಿಯೊಂದನ್ನು ಬಿಚ್ಚಿಯೇ ತೋರಿಸಿದ. ಪ್ಲಾಸ್ಟಿಕ್ ಕವಚದೊಳಗೆ ಹೆಚ್ಚುಕಮ್ಮಿ ಹೆಬ್ಬೆರಳಿನಷ್ಟು ದಪ್ಪದ ಹತ್ತು ಸೆಲ್ಲುಗಳು, ತಲೆಗೆ ತಲೆ ನಿಕ್ಕಲ್ ಪಟ್ಟಿಯಿಂದ ಬೆಸೆದುಕೊಂಡು ಮಲಗಿದ್ದವು. ಇವುಗಳ ಹೆಸರು 18650. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿದೆ ಎಂದು ಹೇಳಲಿಕ್ಕೆ. ಒಂದೊಂದೂ 3.6 ವೋಲ್ಟು. ಎರಡೆರಡರ ಐದು ಜೋಡಿ ಸಾಲಾಗಿ ನಿಂತರೆ 18. ಐದು ಆಂಪಿಯರ್-ಅವರ್‌ನ ಇಂಥದೊಂದರಲ್ಲಿ 90 ವ್ಯಾಟ್-ಅವರ್ ವಿದ್ಯುತ್ತು. ಎಷ್ಟೋ ಸೈಕಲ್ ಬ್ಯಾಟರಿಗಳನ್ನು ಬಿಚ್ಚಿದರೂ ಸಿಗುವುದು ಇದೇ ಸೆಲ್ಲುಗಳು, ಸಂಖ್ಯೆ ಹೆಚ್ಚು ಅಷ್ಟೇ.

ಒಳಗೆ ಎಲ್ಲರೂ ಒಂದೇ, ಹೊರಗೆ ಮಾತ್ರ ಮಠ ಬೇರೆ ಬೇರೆ. ನೀಲಿ ಕಂಪನಿಯ ಬ್ಯಾಟರಿ ಹಳದಿ ಕಂಪನಿಯ ಮಷೀನಿಗೆ ಕೂರುವುದಿಲ್ಲ. ಹಳದಿಯದು ಹಸಿರಿಗೆ ಆಗುವುದಿಲ್ಲ. ಬ್ಯಾಟರಿ ಜಾರಿ ಕೂರುವ ತೋಡು ಒಬ್ಬೊಬ್ಬರದು ಒಂದೊಂದು ಅಳತೆ. ಕೆಲವರು 18 ಎಂದು ಬರೆದರೆ ಇನ್ನು ಕೆಲವರು '20 ವೋಲ್ಟ್ ಮ್ಯಾಕ್ಸ್' ಎನ್ನುತ್ತಾರೆ. ಎರಡರಲ್ಲೂ ಅವೇ ಐದು ಜೋಡಿ. ಪೂರ್ತಿ ಚಾರ್ಜ್ ಆದ ಗಳಿಗೆಯದನ್ನು ಬರೆದರೆ ಇಪ್ಪತ್ತು ದಾಟುತ್ತದೆ, ದುಡಿಯುವಾಗಿನದನ್ನು ಬರೆದರೆ ಹದಿನೆಂಟು. ಎರಡೂ ಸುಳ್ಳಲ್ಲ, ವ್ಯಾಪಾರ.

ಡ್ರಿಲ್ಲಿನ ಬ್ಯಾಟರಿಯಲ್ಲಿ ಗಾಡಿ ಓಡಿಸುವುದು ತನ್ನದೇ ಸಂಶೋಧನೆ ಎಂದು ಭಾವಮೈದನಿಗೆ ಹೆಮ್ಮೆ. ಅವನ ಉತ್ಸಾಹ ಸ್ವಲ್ಪ ಇಳಿಸೋಣವೆಂದು ನಾನು 1971ರ ಅಪೊಲೊ 15ರ ಕಥೆ ತೆಗೆದೆ. ಆ ಸಲ ಚಂದ್ರನ ಮೇಲೆ ಬ್ಯಾಟರಿ ಡ್ರಿಲ್ಲೂ ಹೋಗಿತ್ತು, ಮೊದಲ ಬಾರಿಗೆ ಓಡಾಡುವ ಗಾಡಿಯೂ ಹೋಗಿತ್ತು. ಗಾಡಿಯ ಬ್ಯಾಟರಿಗಳು ನಮ್ಮ ಸೈಕಲ್ಲಿನ ಹಾಗೆಯೇ 36 ವೋಲ್ಟಿನವು. ನಾಲ್ಕು ಚಕ್ರಕ್ಕೂ ಕಾಲು ಹಾರ್ಸ್‌ಪವರಿನ ಒಂದೊಂದು ಮೋಟರ್, ನನ್ನದಕ್ಕಿಂತಲೂ ಸಣ್ಣದು. ಡ್ರಿಲ್ ಹಿಡಿದ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ನೆಲ ಕೊರೆಯಲು ಹೆಣಗಿ ಏದುಸಿರು ಬಿಟ್ಟದ್ದೂ ಅಲ್ಲೇ. ಇವನು ಎಲ್ಲವನ್ನೂ ಕೇಳಿ, "ಡ್ರಿಲ್ಲಿಗೆ ಬೇರೆ ಬ್ಯಾಟರಿ, ಗಾಡಿಗೆ ಬೇರೆ ಬ್ಯಾಟರಿನಾ? ನಾಸಾದವರಿಗೂ ಹೊಳೀಲಿಲ್ಲ ನೋಡಿ" ಅಂದ.

ಎಸ್.ಪಿ. ರೋಡಿನಿಂದ ದಪ್ಪ ವೈರು, ಫ್ಯೂಸು, ಹಳದಿ ಕನೆಕ್ಟರು, ಬ್ಯಾಟರಿ ಜಾರಿಸಿ ಕೂರಿಸುವ ಎರಡು ಪ್ಲಾಸ್ಟಿಕ್ ಅಡಾಪ್ಟರು ಬಂದವು. ಬ್ಯಾಟರಿ ಇಡುವ ಪೆಟ್ಟಿಗೆಯನ್ನು ಭಾವಮೈದನೇ ಮಾಡಿದ. ಯಾರದೋ ಮನೆಯ ವಾರ್ಡ್‌ರೋಬಿನಲ್ಲಿ ಮಿಕ್ಕ ಪ್ಲೈವುಡ್ಡು, ಮೇಲೆ ತೇಗದ ಗೆರೆಯ ಸನ್‌ಮೈಕಾ, ಸಾಫ್ಟ್ ಕ್ಲೋಸ್ ಕೀಲು, ಉಕ್ಕಿನ ಹಿಡಿ. ಸೈಕಲ್ಲಿನ ಕ್ಯಾರಿಯರ್ ಮೇಲೆ ಅಡುಗೆಮನೆಯ ಕಪಾಟೊಂದು ತವರಿಗೆ ಹೊರಟಂತೆ ಕೂತಿತು.

ಓಡಿತು, ಚೆನ್ನಾಗಿಯೇ ಓಡಿತು. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ನಾನು ಪೆಡಲ್ ತುಳಿದಂತೆ ನಟಿಸಿದರೂ ಸಾಕು, ಉಳಿದದ್ದನ್ನು ಅದು ನೋಡಿಕೊಳ್ಳುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಆಟೋದವರು ಕತ್ತು ಚಾಚಿ ಕೇಳುತ್ತಾರೆ, "ಎಷ್ಟು ಕೊಡುತ್ತೆ ಸಾರ್?" ನಮ್ಮೂರಿನಲ್ಲಿ ರಾಕೆಟ್ ನಿಲ್ಲಿಸಿಕೊಂಡರೂ ಮೊದಲು ಕೇಳುವುದು ಇದನ್ನೇ. ಎರಡು ಬ್ಯಾಟರಿ ಸೇರಿ 180 ವ್ಯಾಟ್-ಅವರ್. ಕಿಲೋಮೀಟರಿಗೆ ಹತ್ತು ಹನ್ನೆರಡು ನುಂಗುತ್ತದೆ. ಹದಿನೈದು ಕಿಲೋಮೀಟರ್ ಆಸುಪಾಸು ಎಂದರೆ ಅವರ ಮುಖದಲ್ಲಿ ಕನಿಕರ ಮೂಡುತ್ತದೆ. ಆದರೆ ಈ ಬ್ಯಾಟರಿಗಳನ್ನು ಬಿಡಿಬಿಡಿಯಾಗಿ ವಿಮಾನದಲ್ಲಿ ಒಯ್ಯಬಹುದು ಎಂದು ಹೇಳದೆ ನಾನು ಬಿಡುವುದಿಲ್ಲ. ಬಿಡಿ ಲಿಥಿಯಮ್ ಬ್ಯಾಟರಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಲು ಒಂದೊಂದಕ್ಕೂ 100 ವ್ಯಾಟ್-ಅವರ್‌ವರೆಗೆ ಅಪ್ಪಣೆಯಿದೆ. ಸೈಕಲ್ಲಿನ ದೊಡ್ಡ ಬ್ಯಾಟರಿಗೆ ಆ ಭಾಗ್ಯವಿಲ್ಲ. ಅಷ್ಟರಲ್ಲಿ ಹಸಿರು ದೀಪ ಬಂದು, ವಿಮಾನ ಹತ್ತದ ನಾವಿಬ್ಬರೂ ನಮ್ಮ ನಮ್ಮ ದಾರಿ ಹಿಡಿಯುತ್ತೇವೆ.

ತೊಂದರೆ ಶುರುವಾದದ್ದು ಎರಡು ಬ್ಯಾಟರಿಗಳ ದಾಂಪತ್ಯದಲ್ಲಿ. ನನ್ನ ಬ್ಯಾಟರಿ ಮೂಲೆಯಲ್ಲಿ ಕೂತು ಬೆಳೆದದ್ದು, ಭಾವಮೈದನದು ಸೈಟಿನ ಧೂಳಿನಲ್ಲಿ ದುಡಿದು ಸವೆದದ್ದು. ಡ್ರಿಲ್ಲಿನ ಕೆಲಸವೆಂದರೆ ಬರ್ ಎಂದು ಒಂದು ಗಳಿಗೆ, ಆಮೇಲೆ ವಿಶ್ರಾಂತಿ. ಸೈಕಲ್ ಹಾಗಲ್ಲ, ಏರು ಮುಗಿಯುವವರೆಗೂ ಬಿಡುವುದಿಲ್ಲ. ಕೆಲವು ಕಂಪನಿಗಳಲ್ಲಿ ಇನ್ನು ಸಾಕು ಎಂದು ತಡೆಯುವ ಬುದ್ಧಿ ಇರುವುದು ಮಷೀನಿನಲ್ಲಿ, ಬ್ಯಾಟರಿಯಲ್ಲಲ್ಲ. ಮಷೀನಿನಿಂದ ಕಿತ್ತು ಸೈಕಲ್ಲಿಗೆ ಹಾಕಿದರೆ ಹೇಳುವವರು ಕೇಳುವವರು ಇಲ್ಲ. ಸೈಕಲ್ಲಿನ ಕಂಟ್ರೋಲರ್ ನೋಡುವುದು ಒಟ್ಟು ಮೊತ್ತವನ್ನು. 30ರ ಹತ್ತಿರ ಇಳಿದಾಗ ನಿಲ್ಲಿಸುತ್ತದೆ. ಆ ಮೂವತ್ತು, ಹದಿನೈದೂ ಹದಿನೈದೂ ಸೇರಿ ಆಗಿದೆಯೋ, ಹದಿನೆಂಟಕ್ಕೆ ಹನ್ನೆರಡು ಕೂಡಿ ಆಗಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆ ಅವನ ಬ್ಯಾಟರಿ ಪಾತಾಳ ಕಂಡಿತು. ಚಾರ್ಜರಿಗೆ ಹಾಕಿದರೆ ಕೆಂಪು ದೀಪ ಮಿಟುಕಿಸಿ, ಇದನ್ನು ಒಳಗೆ ಸೇರಿಸುವುದಿಲ್ಲ ಎಂದು ಹಟ ಹಿಡಿಯಿತು.

ಕೊನೆಗೆ ಒಂದೇ ದಿನ ಹುಟ್ಟಿದ ಎರಡು ಹೊಸ ಬ್ಯಾಟರಿಗಳನ್ನು ಅರ್ಧ ಅವನ ದುಡ್ಡು, ಅರ್ಧ ನನ್ನ ದುಡ್ಡು ಹಾಕಿ ತಂದೆವು. ಒಂದೊಂದಕ್ಕೂ ಬೇರೆಯಾಗಿ ವೋಲ್ಟ್ ಅಳೆಯುವ ಬಜರ್ ಕಟ್ಟಿದೆವು. ವೋಲ್ಟ್ ಇಳಿದರೆ ಅದು ಬರೀ ಎಚ್ಚರಿಸುವುದಿಲ್ಲ, ಬಾಯಿ ಬಡಿದುಕೊಳ್ಳುತ್ತದೆ. ದೊಡ್ಡ ಬಸವಣ್ಣನ ಗುಡಿಯ ಮುಂದೆ ಒಮ್ಮೆ ಹಾಗೆ ಅರಚಿದಾಗ ಹೂವು ಮಾರುತ್ತಿದ್ದ ಅಜ್ಜಿ, "ಮೊದ್ಲು ಅದರ ಹೊಟ್ಟೆಗೆ ಏನಾದ್ರೂ ಹಾಕಪ್ಪಾ" ಅಂದರು.

ತಾತ್ವಿಕವಾಗಿ ಈ ಜಂಟಿ ಖಾತೆ ಸಾಮರಸ್ಯದ ಏರ್ಪಾಡು. ವ್ಯವಹಾರದಲ್ಲಿ ಮಾತ್ರ ದಿನಾ ಫೋನು. "ಭಾವ, ಎಲ್ಲಿದ್ದೀರಾ? ಚಾಮರಾಜಪೇಟೆ ಸೈಟಲ್ಲಿ ಇನ್ನೂ ನಾಲ್ಕು ಶಟರ್ ಇದೆ. ಬ್ಯಾಟರಿ ಅರ್ಜೆಂಟು." ನಾನು ಇಳಿಜಾರಿನಲ್ಲಿ ಸುಯ್ಯನೆ ಹೋಗಿ ಕೊಡುತ್ತೇನೆ. ಇಳಿಯುವಾಗ ಬ್ಯಾಟರಿ ಬೇಕಾಗುವುದೇ ಇಲ್ಲ. ಅವನು ಶಟರುಗಳನ್ನೆಲ್ಲ ಬಿಗಿದು, ಆ ಮನೆಯವರು ಜ್ಞಾಪಿಸಿದ ಇನ್ನೆರಡು ಕೆಲಸ ಮುಗಿಸಿ, ನಾಲ್ಕರಲ್ಲಿ ಒಂದೇ ಕಡ್ಡಿ ಉರಿಯುವ ಬ್ಯಾಟರಿಗಳನ್ನು ಕೈಗಿಡುತ್ತಾನೆ. ಏರು ಈಗ ನನ್ನ ಪಾಲಿಗೆ. ಮೋಟರಿನ ಭಾರವೂ ಕಪಾಟಿನ ಭಾರವೂ ಸೇರಿ ಸೈಕಲ್ಲು ಮುಂಚಿಗಿಂತ ದಪ್ಪಗಾಗಿದೆ.

ನಿನ್ನೆ ಅವನು ಹೊಸ ನಕ್ಷೆಯೊಂದಿಗೆ ಬಂದಿದ್ದ. ನಾಲ್ಕು ಬ್ಯಾಟರಿ, ಎರಡೆರಡು ಸೀರೀಸ್, ಎರಡು ಸಾಲು ಪ್ಯಾರಲಲ್, ಒಂದರದು ಇನ್ನೊಂದಕ್ಕೆ ಹರಿಯದ ಹಾಗೆ ನಡುವೆ ಡಯೋಡು. ಊಟದ ಮೇಜಿನ ಮೇಲೆ ಹಾಳೆ ಹರಡಿ ಇಬ್ಬರೂ ತಲೆ ಬಗ್ಗಿಸಿದ್ದಾಗ ಅವನ ಅಕ್ಕ ತಟ್ಟೆ ಇಡಲು ಬಂದಳು.

"ನಿಮ್ಮಿಬ್ಬರ ಚಂದ್ರಯಾನ ಮುಗಿದ ಮೇಲೆ ಹೇಳಿ. ಹಾಲಿನ ಕರ್ಟನ್ ರಾಡಿಗೆ ಎರಡು ತೂತು ಕೊರೀಬೇಕು, ಯುಗಾದಿಯಿಂದ ಹೇಳ್ತಾ ಇದ್ದೀನಿ."

ಭಾವಮೈದ ಹಾಳೆ ಮಡಚುತ್ತ ನನ್ನ ಮುಖ ನೋಡಿದ. "ಡ್ರಿಲ್ ಇದೆ ಅಕ್ಕ, ಬ್ಯಾಟರಿ ಭಾವನ ಸೈಕಲ್ಲಲ್ಲಿದೆ" ಅಂದ.

"ಸೈಕಲ್ಲಲ್ಲಿರೋದು ಖಾಲಿ" ಅಂದೆ.